ಕ್ಯಾರವಾನ್ ಪ್ರವಾಸಕ್ಕೆ ಯಾವ ಫ್ರಿಜ್: ಗ್ಯಾಸಿನದ್ದೋ, ಬ್ಯಾಟರಿಯದ್ದೋ, ಐಸ್ ಪೆಟ್ಟಿಗೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬ್ಯಾಟರಿಯಲ್ಲಿ ನಡೆಯುವ, ಮನೆ ಫ್ರಿಜ್ಜಿನ ಹಾಗೆ ಮೋಟರ್ ಇರುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್‌ಗೆ. ಉಳಿದೆರಡನ್ನು ನೋಡದೆ ಹೇಳುವ ಮಾತಲ್ಲ. ಒಂದರ ಜೊತೆ ಎರಡು ವಾರ ಜಗಳವಾಡಿದ್ದೇನೆ, ಇನ್ನೊಂದರ ನೀರು ಒರೆಸಿದ್ದೇನೆ. ಕ್ಯಾರವಾನ್ ತಗೊಳ್ಳುವವರು ಹಾಸಿಗೆ ಎಷ್ಟು ಅಗಲ, ಶವರ್ ಇದೆಯಾ, ಟಿವಿ ಇದೆಯಾ ಅಂತೆಲ್ಲ ವಿಚಾರಿಸುತ್ತಾರೆ. ಫ್ರಿಜ್ ಇದೆಯಾ ಅಂದರೆ ಇದೆ ಅಂತಾರೆ, ಅಲ್ಲಿಗೆ ಮುಗೀತು. ನಾವೂ ಹಾಗೇ ಮಾಡಿದ್ದು.

ನಾವಿರುವುದು ಮೆಲ್ಬರ್ನ್‌ನಲ್ಲಿ. ಸಾಗರದಿಂದ ಅತ್ತೆ ಬಂದು ಆರು ತಿಂಗಳು ಇದ್ದರು. ಆ ಒಂದೇ ಸಲದಲ್ಲಿ ಎರಡು ದೊಡ್ಡ ಪ್ರವಾಸ ಆಯಿತು. ಸೆಪ್ಟೆಂಬರ್ ಕೊನೆಯ ಶಾಲೆ ರಜೆಯಲ್ಲಿ ಬಾಡಿಗೆ ಕ್ಯಾರವಾನ್ ಕಾರಿನ ಹಿಂದೆ ಕಟ್ಟಿಕೊಂಡು ಅಡಿಲೇಡ್, ಪೋರ್ಟ್ ಅಗಸ್ಟಾ, ಕೂಬರ್ ಪೀಡಿ ದಾರಿಯಲ್ಲಿ, ಮರಳುಗಾಡಿನ ನಡುವಿನ ದೊಡ್ಡ ಬಂಡೆ ಉಲುರುಗೆ ಹೋದೆವು. ಡಿಸೆಂಬರ್‌ನಲ್ಲಿ ನಲ್ಲಾರ್‌ಬಾರ್ ದಾಟಿ ಪರ್ತ್‌ಗೆ. ಅಷ್ಟರಲ್ಲಿ ನಮ್ಮದೇ ಒಂದು ಹಳೇ ಕ್ಯಾರವಾನ್ ಕೊಂಡಿದ್ದೆವು. ಅದರಲ್ಲಿದ್ದ ಫ್ರಿಜ್ ಕೆಟ್ಟಿತ್ತು, ಹೊಸದು ಹಾಕಿಸಲು ಕೇಳಿದ ರೇಟಿಗೆ ಹೆದರಿ ಸುಮ್ನೆ ಹಾಗೇ ಬಿಟ್ಟೆವು. ಅದರ ಕಥೆ ಆಮೇಲೆ.

ನಮ್ಮ ಮನೆಯಲ್ಲಿ ಫ್ರಿಜ್ ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಊಟಕ್ಕೆ ಮೊಸರು ಬೇಕೇ ಬೇಕು. ಅತ್ತೆಗೆ ದಿನಾ ಒಂದು ತಂಬುಳಿ ಆಗಬೇಕು. ಮಕ್ಕಳಿಗೆ ಬೆಳಿಗ್ಗೆ ದೋಸೆ. ಬರೀ ಬ್ರೆಡ್ಡು, ಸಾಸೇಜು ತಿಂದು ಹೋಗುವವರಿಗೆ ಇಷ್ಟೆಲ್ಲ ತಲೆನೋವಿಲ್ಲ.

ಬಾಡಿಗೆ ಕ್ಯಾರವಾನ್‌ನಲ್ಲಿ ಇದ್ದದ್ದು ತ್ರೀ-ವೇ ಫ್ರಿಜ್. ಗ್ಯಾಸ್, 240 ವೋಲ್ಟಿನ ಕರೆಂಟು, ಕಾರಿನ 12 ವೋಲ್ಟು, ಮೂರರಲ್ಲೂ ನಡೆಯುತ್ತದೆ. ಒಳಗೆ ಮೋಟರ್ ಇಲ್ಲ. ಅಮೋನಿಯಾ ಬೆರೆತ ನೀರನ್ನು ಕೊಳವೆಯಲ್ಲಿ ಕಾಯಿಸುತ್ತದೆ, ಆ ಕಾವಿನಿಂದಲೇ ಅಮೋನಿಯಾ ಸುತ್ತು ಹಾಕಿ ಒಳಗೆ ತಂಪು ಮಾಡುತ್ತದೆ. ಕೆಳಗೆ ಬೆಂಕಿ ಇಟ್ಟು ಮೇಲೆ ಐಸ್ ಮಾಡುತ್ತಾರೆ ಅಂದರೆ ಅತ್ತೆ ನಂಬಲಿಲ್ಲ. ನಮ್ಮನೆಯವರು ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಬಗ್ಗಿಸಿ, ಕಿಂಡಿಯೊಳಗಿನ ಪುಟ್ಟ ನೀಲಿ ಉರಿ ತೋರಿಸಿದ ಮೇಲೆ "ಹೌದಲ್ಲೋ" ಅಂದರು.

ಮೆಲ್ಬರ್ನ್‌ನಿಂದ ಪೋರ್ಟ್ ಅಗಸ್ಟಾವರೆಗೆ ತೊಂದರೆ ಇರಲಿಲ್ಲ. ಹಿಂದಿನ ದಿನವೇ ಮನೆ ಕರೆಂಟಿಗೆ ಹಾಕಿ ತಣ್ಣಗೆ ಮಾಡಿಕೊಂಡಿದ್ದೆವು, ರಾತ್ರಿಗಳು ಕರೆಂಟ್ ಇರುವ ಕ್ಯಾರವಾನ್ ಪಾರ್ಕ್‌ನಲ್ಲಿ. ಪೋರ್ಟ್ ಅಗಸ್ಟಾದಿಂದ ಕೂಬರ್ ಪೀಡಿಗೆ ಸುಮಾರು 540 ಕಿ.ಮೀ. ಅವತ್ತು ಬಿಸಿಲು 37 ಡಿಗ್ರಿ. ಮಧ್ಯದಲ್ಲಿ ಪಿಂಬಾದಲ್ಲಿ ಡೀಸೆಲ್ ಹಾಕಿಸಿದ್ದು, ಒಂದು ಕಡೆ ಚಿತ್ರಾನ್ನ ತಿಂದದ್ದು, ಅಷ್ಟೇ. ಫ್ರಿಜ್ ಇಡೀ ದಿನ ಕಾರಿನ 12 ವೋಲ್ಟಿನ ಮೇಲೆ. ಹಸಿರು ದೀಪ ಉರಿಯುತ್ತಲೇ ಇತ್ತು.

ಸಂಜೆ ಕ್ಯಾರವಾನ್ ಬಾಗಿಲು ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಫ್ರಿಜ್ ತೆಗೆದರೆ ದೋಸೆ ಹಿಟ್ಟಿನ ಡಬ್ಬ ಮುಚ್ಚಳ ಎತ್ತಿಕೊಂಡು ನಿಂತಿದೆ. ಹಿಟ್ಟು ಉಕ್ಕಿ ಕೆಳಗಿನ ತಂತಿ ತಟ್ಟೆಯ ಸಂದಿಯಿಂದ ಎಳೆ ಎಳೆಯಾಗಿ ತರಕಾರಿ ಡ್ರಾಯರ್‌ಗೆ ಇಳಿದಿದೆ. ಟೊಮೆಟೊ ಮೇಲೆ ಹಿಟ್ಟು, ಕೊತ್ತಂಬರಿ ಕಟ್ಟಿನೊಳಗೆ ಹಿಟ್ಟು, ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಯೊಳಗೂ ಹಿಟ್ಟು. ಒಳಗಿಟ್ಟಿದ್ದ ಥರ್ಮಾಮೀಟರ್ 17 ಡಿಗ್ರಿ ತೋರಿಸುತ್ತಿತ್ತು. "ಹುದುಗು ಬರ್ಲಿಲ್ಲ ಅಂತ ಮೆಲ್ಬರ್ನಲ್ಲಿ ಕಂಬಳಿ ಸುತ್ತಿ ಇಡ್ತಿದ್ಯಲೇ, ಈಗ ನೋಡು" ಅಂದರು ಅತ್ತೆ. ಆ ರಬ್ಬರ್ ಮಡಿಕೆಯನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದೆವು. ಬಾಗಿಲು ಪದೇ ಪದೇ ತೆಗೆಯುತ್ತಿರಬೇಕು ಅಂದರು! ಓಡುವ ಕ್ಯಾರವಾನ್‌ನೊಳಗೆ ಕೂರುವ ಹಾಗೇ ಇಲ್ಲ, ಯಾರು ತೆಗೀತಾರೆ?

ಮರುದಿನ ಪಕ್ಕದ ಜಾಗದಲ್ಲಿದ್ದ ವಯಸ್ಸಾದವರೊಬ್ಬರು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದು ಫ್ರಿಜ್‌ನ ಹಿಂದೆ ಹಿಡಿದರು. ಕಾರಿನ ಎಂಜಿನ್ ಓಡುತ್ತಿದ್ದಾಗಲೂ ಅಲ್ಲಿಗೆ ಬರುತ್ತಿದ್ದದ್ದು 10.4 ವೋಲ್ಟ್. ಕಾರಿನ ಮುಂದಿನ ಬ್ಯಾಟರಿಯಿಂದ ಕ್ಯಾರವಾನ್ ಗೋಡೆಯವರೆಗೆ ಅಷ್ಟುದ್ದ ತೆಳ್ಳನೆ ವೈರು ಎಳೆದಿದ್ದಾರೆ, ದಾರಿಯಲ್ಲೇ ಕರೆಂಟು ಸೊರಗಿ ಹೋಗುತ್ತದೆ. ವೋಲ್ಟೇಜ್ ಸ್ವಲ್ಪ ಇಳಿದರೆ ಏನಾಯಿತು ಅನ್ನಬೇಡಿ. ಈ ಫ್ರಿಜ್ ನಡೆಯುವುದೇ ಹೀಟರ್‌ನಿಂದ. 12 ಇರಬೇಕಾದ ಕಡೆ 10.4 ಆದರೆ ಹೀಟರ್‌ನ ಕಾವು ಕಾಲು ಭಾಗ ಕಡಿಮೆಯಾಗುತ್ತದೆ. 12 ವೋಲ್ಟಿನಲ್ಲಿ ಇದು ಇರುವ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಹೊಸದಾಗಿ ತಂಪು ಮಾಡುವುದು ಕಷ್ಟ. ಮೇಲಿಂದ 37 ಡಿಗ್ರಿ ಬಿಸಿಲು. ಇನ್ನೇನಾಗಬೇಕು?

ಓಡುವಾಗಲೂ ಗ್ಯಾಸಿನಲ್ಲೇ ಬಿಡೋಣ ಅಂದರು ನಮ್ಮನೆಯವರು. ನಾನು ಬೇಡ ಅಂದೆ. ಹಿಂದೆ ಉರಿ ಹಚ್ಚಿಕೊಂಡು ಪೆಟ್ರೋಲ್ ಬಂಕಿಗೆ ನುಗ್ಗುವುದು ನನ್ನಿಂದಾಗದು. ಕೊನೆಗೆ ಕಂಡುಕೊಂಡ ಉಪಾಯ ಇದು. ರಾತ್ರಿ ಕರೆಂಟ್ ಇದ್ದಾಗ ನೀರಿನ ಬಾಟಲಿಗಳನ್ನು ಗಟ್ಟಿ ಮಾಡಿ, ಬೆಳಿಗ್ಗೆ ಹೊರಡುವಾಗ ಮೊಸರಿನ ಡಬ್ಬದ ಎರಡು ಪಕ್ಕ ನಿಲ್ಲಿಸುವುದು. ಹಿಟ್ಟನ್ನು ಡಬ್ಬದಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬದಿರುವುದು. ಇದರಲ್ಲೇ ಎರ್ಲ್‌ಡುಂಡಾ ದಾಟಿ ಉಲುರು ಮುಟ್ಟಿದೆವು. 348 ಮೀಟರ್ ಎತ್ತರದ ಬಂಡೆ ಸಂಜೆ ಬೆಳಕಿನಲ್ಲಿ ಬಣ್ಣ ಬದಲಾಯಿಸುತ್ತಿದ್ದರೆ ನಾನು ಥರ್ಮಾಮೀಟರ್ ನೋಡಿಬರಲು ಎದ್ದು ಹೋಗುತ್ತಿದ್ದೆ. ಎಂಥಾ ಕರ್ಮ ಅಲ್ವಾ?

ಇನ್ನೊಂದು ಕಾಟ ಮಟ್ಟದ್ದು. ತ್ರೀ-ವೇ ಫ್ರಿಜ್ ಸಮತಟ್ಟಾಗಿ ನಿಲ್ಲಬೇಕು, ವಾಲಿದರೆ ಕೊಳವೆಯೊಳಗಿನ ಓಟ ನಿಲ್ಲುತ್ತದೆ. ಗಾರೆಯವರು ಇಡುವಂಥ ಸಣ್ಣ ರಸಮಟ್ಟವನ್ನು ಫ್ರೀಜರ್ ಒಳಗಿಟ್ಟು, ಚಕ್ರದ ಕೆಳಗೆ ಹಲಗೆ ಕೊಟ್ಟು ಸರಿಮಾಡಬೇಕು. ದಿನಾ ಸಂಜೆ, ದಣಿದು ಬಂದಾಗ! ಆಮೇಲೆ ಬಿಸಿಲು. ಫ್ರಿಜ್ ಇರುವ ಗೋಡೆಗೆ ಬಿಸಿಲು ಬೀಳಬಾರದು. ನಮ್ಮೂರಲ್ಲಿ ವರ್ಷದ ಹೆಚ್ಚು ಭಾಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಇಲ್ಲಿ ಉತ್ತರಕ್ಕೆ. ಮೊದಲ ಎರಡು ದಿನ ಊರಿನ ಲೆಕ್ಕದಲ್ಲೇ ನಿಲ್ಲಿಸಿ ನಾವೇ ಫ್ರಿಜ್ಜನ್ನು ಬೇಯಿಸಿದ್ದೆವು.

ಬರೀ ಬೈದರೆ ತಪ್ಪಾಗುತ್ತದೆ. ಕರೆಂಟ್ ಇಲ್ಲದ ಕಡೆ ಎರಡು ರಾತ್ರಿ ಗ್ಯಾಸಿನ ಮೇಲೆ ಇಟ್ಟಾಗ ಇದೇ ಫ್ರಿಜ್ ಬಂಗಾರದ ಹಾಗೆ ನಡೆಯಿತು. ಚೂರೂ ಸದ್ದಿಲ್ಲ, ಬ್ಯಾಟರಿ ಚಿಂತೆಯಿಲ್ಲ, ಬೆಳಿಗ್ಗೆ ಹಾಲಿನ ಮೇಲೆ ಐಸಿನ ಪೊರೆ. 9 ಕೆ.ಜಿ. ಸಿಲಿಂಡರಿಗೆ ಎರಡು ವಾರಕ್ಕೇನೂ ಮೋಸವಿಲ್ಲ. ಒಂದೇ ಕಡೆ ನಾಲ್ಕು ದಿನ ಬಿಡಾರ ಹೂಡುವವರಿಗೆ ಇದು ಸರಿ. ನಾವು ದಿನಾ 400 ಕಿ.ಮೀ. ಓಡುವ ಜಾತಿ.

ಐಸ್ ಪೆಟ್ಟಿಗೆ ಇದ್ದದ್ದು ಉಲುರುಗೆ ಜೊತೆಯಲ್ಲಿ ಬಂದ ಗೆಳೆಯರ ಟೆಂಟ್‌ನಲ್ಲಿ. ನಮ್ಮ ಫ್ರಿಜ್ ಕೈಕೊಟ್ಟ ಮೇಲೆ ನಮ್ಮ ಮೊಸರಿಗೂ ಅಲ್ಲೇ ಆಶ್ರಯ. ಮೊದಲ ದಿನ ಅದರಷ್ಟು ತಣ್ಣಗಿನದು ಯಾವುದೂ ಇಲ್ಲ. ಮೂರನೇ ದಿನಕ್ಕೆ ಕೆರೆ. ಪನೀರ್ ಪ್ಯಾಕೆಟ್ ತೇಲುತ್ತಿತ್ತು, ತುರಿದ ಕಾಯಿಯ ಡಬ್ಬದೊಳಗೆ ನೀರು ಹೊಕ್ಕು ಕಾಯಿಹಾಲೇ ಆಗಿತ್ತು. ರೋಡ್‌ಹೌಸ್ (ಹೆದ್ದಾರಿ ಬದಿಯ ಬಂಕು, ಅಂಗಡಿ) ಸಿಕ್ಕಾಗಲೆಲ್ಲ ಐಸ್ ಚೀಲ ಕೊಳ್ಳಬೇಕು, ಮರಳುಗಾಡಿನ ಒಳಗೆ ಹೋದಷ್ಟೂ ರೇಟು ಏರುತ್ತದೆ. ಚೂರು ಐಸಿಗಿಂತ ದೊಡ್ಡ ಗಡ್ಡೆ ಐಸು ಜಾಸ್ತಿ ಹೊತ್ತು ಬರುತ್ತದೆ, ಕರಗಿದ ನೀರು ತಣ್ಣಗಿರುವ ತನಕ ಚೆಲ್ಲಬೇಡಿ. ಶನಿವಾರ ಹೋಗಿ ಭಾನುವಾರ ಬರುವ ಗ್ರಾಂಪಿಯನ್ಸ್ ಬೆಟ್ಟಗಳ ಥರದ ಜಾಗಕ್ಕೆ ಇದೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನು ನನ್ನ ಮುದ್ದಿನದು. ಪರ್ತ್‌ಗೆ ಹೊರಡುವ ಮೊದಲು 40 ಲೀಟರಿನ ಕಂಪ್ರೆಸರ್ ಫ್ರಿಜ್ ಒಂದನ್ನು ರಿಯಾಯಿತಿಯಲ್ಲಿ 650 ಡಾಲರಿಗೆ ಕೊಂಡೆವು. 100 ಆಂಪ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಲೆಕ್ಕ) ಲಿಥಿಯಂ ಬ್ಯಾಟರಿ, ಮಡಚುವ ಸೋಲಾರ್ ಹಾಳೆ ಎಲ್ಲ ಸೇರಿ 1,500 ಡಾಲರ್ ಹತ್ತಿರ ಆಯಿತು. ಹಳೇ ಕ್ಯಾರವಾನ್‌ಗೆ ಹೊಸ ತ್ರೀ-ವೇ ಹಾಕಿಸಲು ಕೇಳಿದ್ದು ಇದಕ್ಕಿಂತ ಜಾಸ್ತಿ. ಇದನ್ನು ಕ್ಯಾರವಾನ್‌ನಲ್ಲಿ ಇಡಲಿಲ್ಲ, ಕಾರಿನ ಡಿಕ್ಕಿಯಲ್ಲೇ ಇಟ್ಟೆವು. ಬ್ಯಾಟರಿ ಪಕ್ಕದಲ್ಲೇ, ವೈರು ಒಂದು ಮೊಳ. ಕಾರು ಓಡುವಾಗ ಬ್ಯಾಟರಿ ಚಾರ್ಜ್ ಆಗುತ್ತದೆ, ನಿಂತಾಗ ಸೋಲಾರ್. ಮಧ್ಯಾಹ್ನ ಮಜ್ಜಿಗೆ ಬೇಕು ಅಂದರೆ ಕ್ಯಾರವಾನ್ ಬೀಗ ತೆಗೆಯುವ ಕೆಲಸವೂ ಇಲ್ಲ. ವಾಲಿಸಿ ನಿಲ್ಲಿಸಿ, ಕುಣಿಸಿ, ಅದಕ್ಕೆ ಲೆಕ್ಕವೇ ಇಲ್ಲ. ಹೊರಗೆ 41 ಡಿಗ್ರಿ ಇದ್ದ ದಿನವೂ ಒಳಗೆ 4. ದಿನಕ್ಕೆ 30ರಿಂದ 40 ಆಂಪ್-ಅವರ್ ತಿನ್ನುತ್ತಿತ್ತು. ಲಿಥಿಯಂ ಆದ್ದರಿಂದ ಎರಡು ದಿನ ಧೈರ್ಯ. ಹಳೇ ಥರದ ಸೀಸದ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು, ಇಲ್ಲದಿದ್ದರೆ ಬೇಗ ಹಾಳಾಗುತ್ತದೆ.

ರಾತ್ರಿ ಗುಂಯ್ ಅನ್ನುತ್ತದೆ, ಡಿಕ್ಕಿಯಲ್ಲಿದ್ದರೆ ಕೇಳಿಸುವುದಿಲ್ಲ. ಒಂದೇ ಖಾನೆ, ಆದ್ದರಿಂದ ಐಸ್‌ಕ್ರೀಮ್ ಇಲ್ಲ. ಮಕ್ಕಳು ಎರಡು ದಿನ ಮುನಿಸಿಕೊಂಡರು.

ಇದಕ್ಕೂ ಒಂದು ಕಾಟ ಇತ್ತು, ಪ್ಲಗ್ಗು. ಸಿಗರೇಟ್ ಲೈಟರ್ ಥರದ ದುಂಡನೆ ಪ್ಲಗ್ಗು ಸಾಕೆಟ್ಟಿನಲ್ಲಿ ಸುಮ್ನೆ ತುರುಕಿ ನಿಲ್ಲುತ್ತದೆ, ಹಿಡಿದುಕೊಳ್ಳುವುದಿಲ್ಲ. ಒಂದು ರಾತ್ರಿ ಹೆದ್ದಾರಿ ಪಕ್ಕದ ಮಣ್ಣಿನ ಜಾಗದಲ್ಲಿ ತಂಗಿ ಬೆಳಿಗ್ಗೆ ಗಡಗಡ ಅಲ್ಲಾಡಿಕೊಂಡು ರಸ್ತೆಗೆ ಬಂದೆವು. ಅಲ್ಲೇ ಒಂದು ಬೆರಳಷ್ಟು ಹೊರಗೆ ಬಂದಿರಬೇಕು. ಆ ದಾರಿಯ ಕೈಗುನಾ ಅನ್ನುವ ಜಾಗದಿಂದ ಮುಂದೆ 146 ಕಿ.ಮೀ. ರಸ್ತೆಗೆ ಒಂದು ತಿರುವೂ ಇಲ್ಲ, ಗೆರೆ ಎಳೆದ ಹಾಗೆ. ಅಷ್ಟನ್ನೂ ನಾವು ಹಾಡು ಹಾಕಿಕೊಂಡು ಓಡಿಸಿದೆವು. ಬಲಡೋನಿಯಾದಲ್ಲಿ ಮುಚ್ಚಳ ತೆಗೆದರೆ ಒಳಗಿನ ದೀಪ ಹತ್ತಲಿಲ್ಲ. 13 ಡಿಗ್ರಿ. ಮೊಸರು ಉಳಿಯಿತು, ನನ್ನ ಎದೆ ಮಾತ್ರ ಧಸಕ್ ಅಂದಿತ್ತು. ಅವತ್ತಿಗೆ ಪ್ಲಗ್ಗಿಗೆ ಟೇಪ್ ಸುತ್ತಿದೆವು. ಪರ್ತ್‌ನಲ್ಲಿ ನಮ್ಮನೆಯವರು ಅದನ್ನು ಕತ್ತರಿಸಿ ಆಂಡರ್ಸನ್ ಪ್ಲಗ್ ಹಾಕಿದರು. ಎರಡು ತುದಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಎಳೆದರೂ ಸುಲಭಕ್ಕೆ ಬರುವುದಿಲ್ಲ. ಕೊಂಡ ದಿನವೇ ಇದನ್ನು ಮಾಡಿಸಿ.

40 ಲೀಟರ್ ಐದು ಜನಕ್ಕೆ ಸಾಲುತ್ತದಾ ಅಂತ ಕೇಳುತ್ತಾರೆ. ಈ ದಾರಿಯಲ್ಲಿ ದೊಡ್ಡದು ಇದ್ದೂ ಪ್ರಯೋಜನವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ, ಫ್ರಿಜ್ ತೆಗೆಸಿ ನೋಡುತ್ತಾರೆ. ಹಿಂದಿನ ರಾತ್ರಿ ಇದ್ದಬದ್ದ ತರಕಾರಿಯೆಲ್ಲ ಹುಳಿಗೆ ಹೋಯಿತು, ಕೊನೆಯ ಎರಡು ನಿಂಬೆಹಣ್ಣು ಪಾನಕಕ್ಕೆ. ಅತ್ತೆಯ ಕರಿಬೇವಿನ ಕಟ್ಟು ಮಾತ್ರ ಬುಟ್ಟಿ ಸೇರಿತು, ಅದಕ್ಕೆ ಅವರು ನಾರ್ಸ್‌ಮನ್ ಬರುವ ತನಕ ಮಾತಾಡಲಿಲ್ಲ. ಅಧಿಕಾರಿ ದೋಸೆ ಹಿಟ್ಟಿನ ಡಬ್ಬ ಎತ್ತಿ ಇದೇನು ಅಂದರು. ಅಕ್ಕಿ ಪ್ಯಾನ್‌ಕೇಕ್ ಹಿಟ್ಟು ಅಂದೆ. ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಕಿವಿಚಿ, ಮೆಲ್ಲಗೆ ವಾಪಸ್ ಇಟ್ಟರು. ವಾಪಸ್ ಬರುವಾಗ ಸೆಡ್ಯೂನಾದಲ್ಲಿ ಇನ್ನೊಂದು ತಪಾಸಣೆ. ಹೀಗೆ ಖಾಲಿ ಮಾಡುತ್ತಲೇ ಹೋಗಬೇಕಾದ ಫ್ರಿಜ್ ಚಿಕ್ಕದಿದ್ದರೇ ವಾಸಿ.

ಆದ್ದರಿಂದ ದಿನಾ ಗಾಡಿ ಓಡಿಸುವವರು, ಹಾಲು ಮೊಸರಿನವರು, 1,500 ಡಾಲರ್ ಒಂದೇ ಸಲ ಹಾಕಲು ಆಗುವವರು ಕಂಪ್ರೆಸರ್ ತಗೊಳ್ಳಿ. ಬಾಡಿಗೆ ಕ್ಯಾರವಾನ್‌ನಲ್ಲಿ ತ್ರೀ-ವೇ ಇದ್ದರೆ ಹೊರಡುವ ಮೊದಲು ಎಂಜಿನ್ ಓಡಿಸಿ, ಫ್ರಿಜ್ ಹತ್ತಿರ ಎಷ್ಟು ವೋಲ್ಟ್ ಬರುತ್ತಿದೆ ಅಂತ ಅವರ ಎದುರಿಗೇ ಅಳೆಸಿ. 12ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ಜಗಳವಾಡಿ, ಕೂಬರ್ ಪೀಡಿ ತಲುಪಿದ ಮೇಲೆ ಯಾರೂ ಕೇಳುವುದಿಲ್ಲ.

ನಮ್ಮ ಕ್ಯಾರವಾನ್‌ನ ಆ ಕೆಟ್ಟ ಫ್ರಿಜ್ ಇನ್ನೂ ಅಲ್ಲೇ ಇದೆ. ಅದಕ್ಕೆ ಕೆಲಸ ಹುಡುಕಿದ್ದು ಅತ್ತೆ. ನಲ್ಲಾರ್‌ಬಾರ್ ಕಡಲ ಹತ್ತಿರ ಡಿಸೆಂಬರ್‌ನಲ್ಲೂ ರಾತ್ರಿ ಥಂಡಿ, ಹಿಟ್ಟು ಹುದುಗು ಬರುವುದಿಲ್ಲ. ಬಿಸಿನೀರಿನ ಬಾಟಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಡಬ್ಬದ ಜೊತೆ ಆ ಫ್ರಿಜ್ ಒಳಗಿಟ್ಟು ಬಾಗಿಲು ಹಾಕಿ ಮಲಗುತ್ತಿದ್ದರು. ಬೆಳಿಗ್ಗೆ ಹಿಟ್ಟು ಹದವಾಗಿ ಉಬ್ಬಿರುತ್ತಿತ್ತು.