ಮರುವಸತಿ ಪಡೆದ ನಿರಾಶ್ರಿತರ ಆರೋಗ್ಯ ತಪಾಸಣೆ: ಒಹಾಯೊದ ಒಂದು ಕ್ಲಿನಿಕ್‌ನ ಸೇವೆಯ ವಿಮರ್ಶೆ

ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದಿಳಿದವರಿಗೆ, ಬಂದ 30ರಿಂದ 90 ದಿನಗಳೊಳಗೆ ಒಂದು ಸಮಗ್ರ ಆರೋಗ್ಯ ತಪಾಸಣೆ ಆಗಬೇಕೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಶಿಫಾರಸು ಮಾಡುತ್ತದೆ. ಕೊಲಂಬಸ್ ನಗರದಲ್ಲಿ ಈ ತಪಾಸಣೆ ನಡೆಸುವ ಕ್ಲಿನಿಕ್ ಒಂದಕ್ಕೆ ಹಲವು ವರ್ಷಗಳಿಂದ ಭೂತಾನಿ ಮತ್ತು ಅಫ್ಗನ್ ಕುಟುಂಬಗಳನ್ನು ಕಾರಿನಲ್ಲಿ ಕರೆದೊಯ್ದ ಸ್ವಯಂಸೇವಕಿಯಾಗಿ ನಾನು ಈ ಸೇವೆಯನ್ನು ಹತ್ತಿರದಿಂದ ಕಂಡಿದ್ದೇನೆ. ನಾನು ವೈದ್ಯೆಯಲ್ಲ, ಕುಟುಂಬದವರು ಒಳಗೆ ಬರಲು ಹೇಳಿದಾಗ ಅವರ ಪಕ್ಕದಲ್ಲಿ ಕುಳಿತವಳು, ಅಷ್ಟೆ. ನನ್ನ ಆಕ್ಷೇಪಗಳು ಅಲ್ಲಿನ ಏರ್ಪಾಡಿನ ಬಗ್ಗೆಯೇ ಹೊರತು ದಾದಿಯರ ಬಗ್ಗೆ ಅಲ್ಲವಾದ್ದರಿಂದ ಕ್ಲಿನಿಕ್‌ನ ಹೆಸರನ್ನು ಹೇಳುತ್ತಿಲ್ಲ.

ಇದಕ್ಕೂ ಮೊದಲು, ಹೊರಡುವ ದೇಶದಲ್ಲೇ ಇನ್ನೊಂದು ತಪಾಸಣೆ ಆಗಿರುತ್ತದೆ. ಕ್ಷಯದಂಥ ಅಂಟುರೋಗವಿದ್ದರೆ ಅದು ವಾಸಿಯಾಗುವವರೆಗೆ ಪ್ರಯಾಣವನ್ನು ತಡೆಯುವುದು ಅದರ ಮುಖ್ಯ ಕೆಲಸ. ಭೂತಾನಿಗಳ ವಿಷಯದಲ್ಲಿ ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯು ಅದನ್ನು ಅವರ ಶಿಬಿರಗಳಿದ್ದ ಪೂರ್ವ ನೇಪಾಳದ ದಮಕ್‌ನಲ್ಲಿ ನಡೆಸುತ್ತಿತ್ತು. ಆ ಸಂಸ್ಥೆಯ ಪ್ಲಾಸ್ಟಿಕ್ ಚೀಲದೊಳಗೆ ಎಕ್ಸ್‌ರೇ, ಲಸಿಕೆ ಪಟ್ಟಿ, ಕಾಗದಪತ್ರಗಳನ್ನೆಲ್ಲ ಜೋಪಾನವಾಗಿ ಹಿಡಿದುಕೊಂಡೇ ಜನ ವಿಮಾನ ಇಳಿಯುತ್ತಿದ್ದರು. ಇಲ್ಲಿನ ತಪಾಸಣೆಯ ಉದ್ದೇಶ ಬೇರೆ: ಬಂದವರ ಸ್ವಂತ ಆರೋಗ್ಯಕ್ಕಾಗಿ ಇದು ನಡೆಯುತ್ತದೆ, ಇದರ ಫಲಿತಾಂಶದಿಂದ ಯಾರನ್ನೂ ವಾಪಸು ಕಳಿಸುವುದಿಲ್ಲ. ಈ ಕ್ಲಿನಿಕ್‌ನ ದಾದಿಯರು ದುಭಾಷಿಯ ಮೂಲಕ ಹೇಳಿಸುವ ಮೊದಲ ಮಾತೇ ಅದು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅನೇಕರು ಚೀಲವನ್ನು ತೊಡೆಯ ಮೇಲಿಂದ ಇಳಿಸಿ ನೆಲಕ್ಕಿಡುವುದನ್ನು ನೋಡಿದ್ದೇನೆ.

ಪ್ರಯೋಗಾಲಯದ ಕೆಲಸದಲ್ಲಿ ಕೊರತೆ ಹುಡುಕುವುದು ಕಷ್ಟ. ಕ್ಷಯದ ಸುಪ್ತ ಸೋಂಕಿಗೆ (ಅಂದರೆ ಲಕ್ಷಣ ತೋರದೆ ಮೈಯಲ್ಲಿ ಅಡಗಿರುವ ಕ್ಷಯಕ್ಕೆ) ರಕ್ತಪರೀಕ್ಷೆ, ಹೆಪಟೈಟಿಸ್ ಬಿ, ಕರುಳಿನ ಹುಳುಗಳು, ರಕ್ತಹೀನತೆ, ಮಕ್ಕಳ ರಕ್ತದಲ್ಲಿ ಸೀಸದ ವಿಷವಿದೆಯೇ ಎಂಬ ಪರೀಕ್ಷೆ, ಎಲ್ಲವೂ ಒಂದೇ ಬೆಳಿಗ್ಗೆ ಮುಗಿಯುತ್ತವೆ. ವಯಸ್ಸು, ಲಿಂಗ, ಹೊರಟುಬಂದ ದೇಶ ಇವನ್ನು ತುಂಬಿದರೆ ಆ ವ್ಯಕ್ತಿಗೆ ಯಾವ ಪರೀಕ್ಷೆಗಳು ಬೇಕೆಂದು ಪಟ್ಟಿ ಮಾಡಿಕೊಡುವ ಕೇರ್‌ರೆಫ್ ಎಂಬ ಉಪಕರಣವೂ ವೈದ್ಯರಿಗೆ ಈಗ ಲಭ್ಯವಿದೆ. ಎಲ್ಲರಿಗೂ ಒಂದೇ ಪಟ್ಟಿ ಹಿಡಿದು ಸೂಜಿ ಚುಚ್ಚುವ ಅಗತ್ಯ ಹಾಗಾಗಿ ಇಲ್ಲ.

ಇಂಥ ತಪಾಸಣೆ ಒಬ್ಬೊಬ್ಬರಿಗಷ್ಟೇ ಅಲ್ಲದೆ ಇಡೀ ಸಮುದಾಯಕ್ಕೆ ಹೇಗೆ ನೆರವಾಗುತ್ತದೆಂಬುದಕ್ಕೆ ಭೂತಾನಿಗಳ ವಿಟಮಿನ್ ಬಿ12 ಪ್ರಕರಣವೇ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಭೂತಾನದಿಂದ ಹೊರದಬ್ಬಿಸಿಕೊಂಡ ನೇಪಾಳಿ ಭಾಷಿಕರು ನೇಪಾಳದ ಏಳು ಶಿಬಿರಗಳಲ್ಲಿ ಸುಮಾರು ಎರಡು ದಶಕ ಕಳೆದರು. ಮುಂದೆ ಮರುವಸತಿ ಪಡೆದ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಅಮೆರಿಕಕ್ಕೆ ಬಂದರು. ಇವರಲ್ಲಿ ರಕ್ತದ ಮತ್ತು ನರದ ತೊಂದರೆಗಳು ಮತ್ತೆ ಮತ್ತೆ ಕಾಣುತ್ತಿವೆಯೆಂದು ಬೇರೆ ಬೇರೆ ರಾಜ್ಯಗಳ ವೈದ್ಯರು 2008ರಿಂದ ಗಮನಿಸತೊಡಗಿದರು. ಹೊರಡುವ ಮುನ್ನ ತೆಗೆದಿಟ್ಟಿದ್ದ 99 ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡ 64ರಲ್ಲಿ ಬಿ12 ಕೊರತೆ ಇತ್ತೆಂದು 2011ರಲ್ಲಿ ಸಿಡಿಸಿ ಪ್ರಕಟಿಸಿತು. ಅಕ್ಕಿ, ಬೇಳೆ, ತರಕಾರಿಯ ಪಡಿತರದಲ್ಲಿ ಮಾಂಸ, ಮೊಟ್ಟೆ, ಹಾಲು ಇಲ್ಲವೆಂಬಷ್ಟು ಕಡಿಮೆಯಿದ್ದದ್ದೇ ಇದಕ್ಕೆ ಬಹುಮಟ್ಟಿನ ಕಾರಣವಾಗಿರಬೇಕು. ಅಂದಿನಿಂದ ಭೂತಾನಿಗಳೆಲ್ಲರಿಗೂ ಬಂದೊಡನೆ ಪೋಷಣೆಯ ಸಲಹೆ ಮತ್ತು ಬಿ12 ಕೊಡುವ ಶಿಫಾರಸು ಜಾರಿಗೆ ಬಂತು. ಅಂಗಾಲು ಜುಮ್ಮೆನ್ನುವುದನ್ನು ‘ವಯಸ್ಸಾಯಿತಲ್ಲ’ ಎಂದು ಬದಿಗೆ ಸರಿಸುವ ನಮ್ಮ ಸಸ್ಯಾಹಾರಿ ಮನೆಗಳ ಹಿರಿಯರಿಗೂ ಇಂಥದೊಂದು ಶಿಫಾರಸು ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸೀಸದ ವಿಷಯಕ್ಕೆ ಬಂದರೆ ಕ್ಲಿನಿಕ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. 16 ವರ್ಷದವರೆಗಿನ ಮಕ್ಕಳಿಗೆ ಮೊದಲ ಭೇಟಿಯಲ್ಲಿ ಪರೀಕ್ಷೆ, ಆರು ವರ್ಷದವರೆಗಿನವರಿಗೆ ಮೂರರಿಂದ ಆರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಎಂಬುದು ಶಿಫಾರಸು. ಈ ಎರಡನೆಯ ಪರೀಕ್ಷೆಯ ಹಿಂದೆ ಒಂದು ಸಾವಿದೆ. 2000ನೇ ಇಸವಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ಗೆ ಬಂದ ಎರಡು ವರ್ಷದ ಸುಡಾನಿ ಹೆಣ್ಣುಮಗು, ತಾನು ನೆಲೆಸಿದ ಹಳೆಯ ಮನೆಯ ಬಣ್ಣದಲ್ಲಿದ್ದ ಸೀಸದಿಂದ, ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಮನೆಬಣ್ಣದಲ್ಲಿ ಸೀಸವನ್ನು 1978ರಲ್ಲೇ ನಿಷೇಧಿಸಲಾಗಿದ್ದರೂ, ಬಾಡಿಗೆ ಕಡಿಮೆಯೆಂದು ನಿರಾಶ್ರಿತರಿಗೆ ಸಿಗುವುದು ಅದಕ್ಕಿಂತ ಹಳೆಯ ಮನೆಗಳೇ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲದ ಮಗುವಿನ ಮೈಗೆ ವಿಷ ಸೇರುವುದು ಆಮೇಲೆ. ನಾನು ಕರೆದೊಯ್ದ ಕುಟುಂಬಗಳಲ್ಲಿ ಎರಡನೆಯ ಪರೀಕ್ಷೆಗೆ ಕ್ಲಿನಿಕ್‌ನಿಂದ ತಾನಾಗಿ ಕರೆ ಬಂದದ್ದನ್ನು ಕಾಣೆ. ಕೇಳಿದರೆ, ‘ಮಕ್ಕಳ ವೈದ್ಯರು ನೋಡಿಕೊಳ್ಳುತ್ತಾರೆ’ ಎನ್ನುತ್ತಾರೆ. ಆ ಮಕ್ಕಳ ವೈದ್ಯರಿಗೆ ಹಿಂದಿನ ವರದಿಯೇ ತಲುಪಿರುವುದಿಲ್ಲ.

ಸೀಸ ಬರುವುದು ಗೋಡೆಯಿಂದಷ್ಟೇ ಅಲ್ಲ. ಅಫ್ಗನ್ ಕುಟುಂಬಗಳು ಜೊತೆಗೆ ತಂದ ಅಲ್ಯೂಮಿನಿಯಂ ಪಾತ್ರೆಗಳು ಮತ್ತು ಪ್ರೆಶರ್ ಕುಕ್ಕರ್‌ಗಳು ಅಡುಗೆಗೆ ಸೀಸ ಬಿಡುತ್ತವೆಂದು ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಆರೋಗ್ಯ ಸಿಬ್ಬಂದಿ ಪತ್ತೆ ಹಚ್ಚಿದ್ದಾರೆ. ಸುರ್ಮಾ, ಕಾಡಿಗೆ, ಕೆಲವು ಮಸಾಲೆಗಳೂ ಅನುಮಾನದ ಪಟ್ಟಿಯಲ್ಲಿವೆ. ಈ ಕ್ಲಿನಿಕ್‌ನ ದಾದಿಯೊಬ್ಬರು ಪ್ರತಿ ತಾಯಿಯನ್ನೂ ಅಡುಗೆ ಪಾತ್ರೆ ಯಾವುದೆಂದು ಕೇಳುತ್ತಾರೆ, ಬೇರೆಯವರು ಕೇಳುವುದಿಲ್ಲ. ಊರಿನಿಂದ ಹಿಂಡಾಲಿಯಂ ಪಾತ್ರೆ, ಕಾಡಿಗೆ ಡಬ್ಬಿ ತರುವ ಕನ್ನಡದ ತಾಯಂದಿರನ್ನೂ ಯಾರಾದರೂ ಈ ಪ್ರಶ್ನೆ ಕೇಳಬೇಕು.

ನನ್ನ ದೊಡ್ಡ ಆಕ್ಷೇಪವಿರುವುದು ಮನಸ್ಸಿನ ಆರೋಗ್ಯದ ಭಾಗದ ಬಗ್ಗೆ. ಖಿನ್ನತೆ, ಆತಂಕಗಳನ್ನು ಗುರುತಿಸಲು ಇಲ್ಲಿ ಬಳಸುವ ಆರ್‌ಎಚ್‌ಎಸ್-15 ಪ್ರಶ್ನಾವಳಿಯಲ್ಲಿ ದೋಷವಿಲ್ಲ. ಸಿಯಾಟಲ್‌ನಲ್ಲಿ ನಿರಾಶ್ರಿತರಿಗೆಂದೇ ರೂಪಿಸಿದ ಇದು ನೇಪಾಳಿಯಲ್ಲೂ ಇದೆ. ಓದು ಬರಹ ಬಾರದವರಿಗಾಗಿ ಒಂದಕ್ಕಿಂತ ಒಂದು ಹೆಚ್ಚು ತುಂಬಿದ ಜಾಡಿಗಳ ಚಿತ್ರ ತೋರಿಸಿ ಉತ್ತರ ಪಡೆಯುತ್ತಾರೆ. ಮೊದಲ 14 ಪ್ರಶ್ನೆಗಳ ಮೊತ್ತ 12 ಮುಟ್ಟಿದರೆ, ಇಲ್ಲವೇ ಸಂಕಟದ ಮಟ್ಟವನ್ನು ಅಂಕಿಯಲ್ಲಿ ಗುರುತಿಸುವ ಕೊನೆಯ ಸಂಕಟಮಾಪಕದಲ್ಲಿ 5 ಅಥವಾ ಹೆಚ್ಚು ಬಂದರೆ, ಮುಂದಿನ ಆರೈಕೆಗೆ ಕಳಿಸಬೇಕು. ಆದರೆ ಈ ಕ್ಲಿನಿಕ್ ಇಡೀ ಕುಟುಂಬವನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಫೋನನ್ನು ಸ್ಪೀಕರ್‌ಗೆ ಹಾಕಿ, ದೂರದ ಯಾವುದೋ ಊರಿನ ದುಭಾಷಿಯಿಂದ ಒಬ್ಬರಾದ ಮೇಲೆ ಒಬ್ಬರನ್ನು ಕೇಳಿಸುತ್ತದೆ. ಮಾವನವರ ಎದುರು ಸೊಸೆಯನ್ನು ‘ನಿಮಗೆ ಅಳು ಬರುತ್ತದೆಯೇ, ಅಸಹಾಯಕರೆನ್ನಿಸುತ್ತದೆಯೇ’ ಎಂದು ಕೇಳಿದರೆ ಬರುವ ಉತ್ತರ ಯಾವುದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಹೀಗೆ ಎಲ್ಲದಕ್ಕೂ ‘ಏನೂ ಇಲ್ಲ’ ಎಂದಿದ್ದ ಒಬ್ಬಾಕೆ, ಮುಂದೆ ಲಸಿಕೆಗೆ ಒಂಟಿಯಾಗಿ ಬಂದ ದಿನ, ಅದೇ ಪ್ರಶ್ನೆಗಳನ್ನು ಬಾಗಿಲು ಹಾಕಿ ಕೇಳಿದ ದಾದಿಗೆ ಬೇರೆಯೇ ಉತ್ತರ ಕೊಟ್ಟರು. ‘ದೀದಿ, ನನ್ನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸುತ್ತಾರಂತೆ’ ಎಂದು ಅವರೇ ಹಿಂದಿಯಲ್ಲಿ ನನಗೆ ಹೇಳಿದರು.

ಇದು ಸಣ್ಣ ಲೋಪವಲ್ಲ. 2009ರ ಫೆಬ್ರವರಿಯಿಂದ 2012ರ ಫೆಬ್ರವರಿಯವರೆಗೆ ಅಮೆರಿಕದಲ್ಲಿ 16 ಮಂದಿ ಭೂತಾನಿ ನಿರಾಶ್ರಿತರು ಆತ್ಮಹತ್ಯೆ ಮಾಡಿಕೊಂಡದ್ದು ಸಿಡಿಸಿಯ ಅಧ್ಯಯನಕ್ಕೆ ಕಾರಣವಾಯಿತು. ಆ ಪ್ರಮಾಣ ದೇಶದ ಸರಾಸರಿಗಿಂತ ಬಹಳ ಹೆಚ್ಚಿತ್ತು. ಆ ಅಧ್ಯಯನಕ್ಕಾಗಿ ಮಾತನಾಡಿಸಿದವರಲ್ಲಿ ಶೇಕಡ 21 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಇಷ್ಟು ತಿಳಿದಿದ್ದೂ, ಒಬ್ಬೊಬ್ಬರನ್ನೇ ಕೂರಿಸಿ ಕೇಳುವುದಕ್ಕೆ ಕೋಣೆಯ ಮತ್ತು ಸಮಯದ ಅಭಾವವನ್ನು ಕಾರಣವಾಗಿ ಹೇಳುವುದನ್ನು ಒಪ್ಪುವುದು ನನಗೆ ಕಷ್ಟ. ದುಭಾಷಿಯನ್ನು ಉಚಿತವಾಗಿ ಒದಗಿಸುವುದು ಸರಕಾರಿ ಹಣ ಪಡೆಯುವ ಕ್ಲಿನಿಕ್‌ಗಳ ಕಾನೂನುಬದ್ಧ ಕರ್ತವ್ಯ. ಇಲ್ಲಿ ಅದು ತಪ್ಪಿಲ್ಲ, ಮಕ್ಕಳಿಂದ ಅನುವಾದ ಮಾಡಿಸಿದ್ದನ್ನೂ ನಾನು ನೋಡಿಲ್ಲ. ಬಾಗಿಲು ಮುಚ್ಚುವುದೊಂದೇ ಬಾಕಿ.

ಲಸಿಕೆಯ ದಾಖಲೆಗಳನ್ನು ಅಚ್ಚುಕಟ್ಟಾಗಿ ಕೊಡುತ್ತಾರೆ, ಅವನ್ನು ಕಳೆದುಕೊಳ್ಳಬಾರದು. ಒಂದು ವರ್ಷದ ನಂತರ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಾಗ ಹೆಚ್ಚಿನ ನಿರಾಶ್ರಿತರಿಗೆ ಬೇಕಾಗುವುದು ಲಸಿಕೆಯ ಭಾಗದ ದೃಢೀಕರಣ ಮಾತ್ರ. ಅದು ತಿಳಿಯದೆ ಖಾಸಗಿ ವೈದ್ಯರಿಗೆ ಇಡೀ ತಪಾಸಣೆಯ ಹಣ ತೆರುವವರಿದ್ದಾರೆ.

ಈ ಸೇವೆಯನ್ನು ಬಳಸಬಹುದೇ ಎಂದರೆ ಖಂಡಿತ ಬಳಸಬೇಕು, ಆದರೆ ಬೇಗ ಬಳಸಬೇಕು. 2025ರ ಜನವರಿಯಲ್ಲಿ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿದ ಮೇಲೆ ಹೊಸಬರು ವಿರಳ. ಕಡಿಮೆ ಆದಾಯದವರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ಗೆ ಅರ್ಹರಾಗದ ನಿರಾಶ್ರಿತರಿಗೆ ಕೊಡುವ ವೈದ್ಯಕೀಯ ನೆರವನ್ನೂ ಅದೇ ವರ್ಷದ ಮೇ ತಿಂಗಳಿನಿಂದ 12 ತಿಂಗಳ ಬದಲು ನಾಲ್ಕೇ ತಿಂಗಳಿಗೆ ಇಳಿಸಲಾಗಿದೆ. ಸುಪ್ತ ಕ್ಷಯದ ಚಿಕ್ಕ ಚಿಕಿತ್ಸೆಗೂ ಮೂರು-ನಾಲ್ಕು ತಿಂಗಳು ಹಿಡಿಯುವುದರಿಂದ, ತಪಾಸಣೆಯನ್ನು 90ನೆಯ ದಿನಕ್ಕೆ ಇಟ್ಟುಕೊಂಡವರ ಮಾತ್ರೆ ಮುಗಿಯುವ ಮೊದಲೇ ನೆರವು ಮುಗಿಯುತ್ತದೆ. ಹೊಸ ಕುಟುಂಬದ ಜೊತೆ ಹೋಗುವವರು ಮೊದಲ ವಾರದಲ್ಲೇ ದಿನ ಗೊತ್ತು ಮಾಡಿಸಿ, ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಮಾತನಾಡಿಸುವಂತೆ ಕೇಳಿ, ಚಿಕ್ಕ ಮಕ್ಕಳ ಎರಡನೆಯ ಸೀಸದ ಪರೀಕ್ಷೆಯ ದಿನಾಂಕವನ್ನು ಬರೆಸಿಕೊಂಡೇ ಹೊರಡುವುದು ಒಳ್ಳೆಯದು.