ಫ್ಲವರಿಂಗ್ ಡಾಗ್‌ವುಡ್ಡೋ, ಕೌಸಾ ಡಾಗ್‌ವುಡ್ಡೋ?

ಎರಡೂ ಡಾಗ್‌ವುಡ್ ಅನ್ನುವ ಚೆಂದದ ಹೂಮರದ ಜಾತಿಗಳೇ. ಆದರೆ ಅಂಗಳದಲ್ಲಿ ಒಂದಕ್ಕೇ ಜಾಗ ಅಂದರೆ, ಮೊದಲು ರೋಗದ ಬಗ್ಗೆ ಯೋಚಿಸಿ. ಅಮೆರಿಕದ ಪೂರ್ವ ಭಾಗದ ಫ್ಲವರಿಂಗ್ ಡಾಗ್‌ವುಡ್‌ಗೆ ಆಂತ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ ಬೇಗ ತಗಲುತ್ತದೆ. 1970ರ ದಶಕದಿಂದೀಚೆಗೆ ಅಲ್ಲಿನ ಕಾಡುಗಳಲ್ಲಿ ಈ ಮರಗಳು ರಾಶಿರಾಶಿ ಸತ್ತಿವೆ. ಎಲೆಗೆ ಕಂದು ಚುಕ್ಕೆ ಬಂದು, ಕೆಳಗಿನ ಕೊಂಬೆಗಳು ಒಣಗುತ್ತಾ ಹೋಗುತ್ತವೆ. ಗಾಳಿಯಾಡದ ತೇವದ ನೆರಳಲ್ಲಿ ಇದು ಇನ್ನೂ ಜಾಸ್ತಿ. ಪೂರ್ವ ಏಷ್ಯಾದ ಕೌಸಾ ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಹೂವಿನ ಮಾತು ಬಂದರೆ ನನ್ನ ಮನಸ್ಸು ಫ್ಲವರಿಂಗ್ ಡಾಗ್‌ವುಡ್ ಕಡೆಗೇ. ವಸಂತದಲ್ಲಿ ಎಲೆ ಬಿಡುವ ಮೊದಲೇ ಬರಿ ಕೊಂಬೆ ತುಂಬಾ ಬಿಳಿ ಅಥವಾ ಗುಲಾಬಿ ಬಣ್ಣ! (ದಳದಂತೆ ಕಾಣುವ ಆ ನಾಲ್ಕೂ ನಿಜಕ್ಕೂ ಬಣ್ಣದ ಎಲೆಗಳು. ಹೂವು ನಡುವಿನ ಪುಟ್ಟ ಗೊಂಚಲು.) ಕೌಸಾ ಸುಮಾರು ಒಂದು ತಿಂಗಳು ತಡವಾಗಿ, ಎಲೆ ಬಂದ ಮೇಲೆ ಅರಳುತ್ತದೆ. ಅದರ ಹಣ್ಣನ್ನು ನಾವೂ ತಿನ್ನಬಹುದು. ಫ್ಲವರಿಂಗ್‌ನ ಕೆಂಪು ಹಣ್ಣು ಹಕ್ಕಿಗಳಿಗೆ ಇಷ್ಟ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ನೀರು ನಿಲ್ಲದ ಹುಳಿ ಮಣ್ಣು ಇದ್ದರೆ ಧೈರ್ಯವಾಗಿ ಫ್ಲವರಿಂಗ್ ನೆಡಿ. ಬಿಸಿಲೇ ಜಾಸ್ತಿ ಅಥವಾ ಗಾಳಿಯಾಡದ ತೇವದ ನೆರಳು ಅಂದರೆ ಕೌಸಾನೇ ಸರಿ, ಆದರೆ ಅದಕ್ಕೂ ನೀರು ನಿಲ್ಲಬಾರದು. ಯಾವುದನ್ನೇ ನೆಟ್ಟರೂ ಹುಲ್ಲು ಕತ್ತರಿಸುವ ಯಂತ್ರ ಕಾಂಡಕ್ಕೆ ತಾಗದಿರಲಿ. ಕೊರೆಯುವ ಹುಳು ಆ ಗಾಯದಿಂದಲೇ ಒಳಗೆ ಹೋಗುತ್ತದೆ.