ಪಾರ್ಥಿಯನ್ ಹೂಜಿಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ

ಸುಮಾರು 2,000 ವರ್ಷ ಹಿಂದೆ ಇರಾನ್, ಇರಾಕ್ ಆಳಿದ ಪಾರ್ಥಿಯನ್ನರ ಕಾಲದ, ಎರಡು ಹಿಡಿಯ ಹಸಿರು-ನೀಲಿ ಹೂಜಿ, ಮೈಮೇಲೆ ಬೆಳ್ಳಿ ಹೊಳಪು. ಹರಾಜಿನಲ್ಲಿ ಕೊಂಡವರು ಮಣ್ಣು ಹೋಗಲೆಂದು ನಲ್ಲಿನೀರಲ್ಲಿ ತೊಳೆದು, ಒರೆಸಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಪಾಟಿನಲ್ಲಿ ದೀಪ ಹಾಕಿ ಇಡುತ್ತಾರೆ. ಕೆಲವು ತಿಂಗಳಲ್ಲಿ ತಳದ ಸುತ್ತ ಬಿಳಿ ಪುಡಿ. ಆಮೇಲೆ ಮೈಮೇಲಿನ ಗಾಜಿನಂಥ ಲೇಪ, ಗ್ಲೇಜ್, ಹಕ್ಕಳೆ ಹಕ್ಕಳೆಯಾಗಿ ಹಲಗೆಯ ಮೇಲೆ.

ಕಾರಣ ಉಪ್ಪು. ಇರಾಕಿನ ಪ್ರಾಚೀನ ನಗರಗಳಾದ ಸೆಲ್ಯೂಸಿಯಾ, ಉರುಕ್, ನಿಪ್ಪುರ್ ಕಡೆಯ ನೆಲವೇ ಉಪ್ಪುನೆಲ. ಅಲ್ಲಿ ಸುಮಾರು 2,000 ವರ್ಷ ಹೂತಿದ್ದ ಪಾತ್ರೆಯ ಸುಣ್ಣ ಬೆರೆತ ಜೇಡಿಮೈ ಅದನ್ನು ಹೀರಿಕೊಂಡಿರುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ಸೋಡಿಯಂ ಕ್ಲೋರೈಡ್ ನೀರಾಗುತ್ತದೆ, ತೇವ ಇಳಿದರೆ ಹರಳುಗಟ್ಟುತ್ತದೆ. ಗ್ಲೇಜಿನ ಬೆನ್ನಿಗೇ ಹರಳು ಕಟ್ಟಿದರೆ ಅದು ಗ್ಲೇಜನ್ನು ಹೊರಕ್ಕೆ ದೂಡುತ್ತದೆ. ತೊಳೆದು ಒಣಗಿಸಿದರೆ ಒಳಗಿನ ಉಪ್ಪನ್ನೆಲ್ಲ ನಾವೇ ಮೇಲಕ್ಕೆ ಕರೆತಂದಂತೆ. ಇನ್ನು, ದುಬಾರಿ ಬೆಲೆ ತೆತ್ತ ಆ ಬೆಳ್ಳಿ ಹೊಳಪು ನೆಲದಡಿ ಶಿಥಿಲವಾದ ಗಾಜಿನ ತೆಳುಪದರ. ಬಟ್ಟೆಯಲ್ಲಿ ಉಜ್ಜಿದರೆ ಹೋಯಿತು, ಮರಳಿ ಬರುವುದಿಲ್ಲ. 1850ರಲ್ಲಿ ವಾರ್ಕಾದಲ್ಲಿ (ಅದೇ ಉರುಕ್) ಬ್ರಿಟಿಷ್ ಉತ್ಖನನಕಾರ ಲಾಫ್ಟಸ್ ಗ್ಲೇಜ್ ಹಾಕಿದ ಶವಪೆಟ್ಟಿಗೆಗಳನ್ನು ಎತ್ತಹೋದಾಗ ಅವು ಮುರಿಯುತ್ತಲೇ ಇದ್ದವು. ಒಳಗೂ ಹೊರಗೂ ಪದರ ಪದರವಾಗಿ ಕಾಗದ ಅಂಟಿಸಿದ ಮೇಲೆಯೇ ಎತ್ತಲಾಯಿತು.

ಪುಡಿ ಕಂಡರೆ ಬ್ರಷ್ ಹಾಕಬೇಡಿ. ವಿನಿಗರ್, ಆಸಿಡ್ ಅಂತೂ ಬೇಡವೇ ಬೇಡ, ಜೇಡಿಯೊಳಗಿನ ಸುಣ್ಣ ನೊರೆಯೆದ್ದು ಕರಗುತ್ತದೆ. ಸಂರಕ್ಷಕರು ಸಡಿಲ ಹಕ್ಕಳೆಗಳನ್ನು ಅಸಿಟೋನಿನಲ್ಲಿ ಕರಗಿಸಿದ ಶೇ. 5ರಷ್ಟು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟಿನಿಂದ ಹಿಡಿಸಿ, ಲವಣ ತೆಗೆದ ಡಿಅಯಾನೈಸ್ಡ್ ನೀರಿನಲ್ಲಿ ಮುಳುಗಿಸುತ್ತಾರೆ. ನೀರು ಬದಲಿಸುತ್ತಾ, ಅದರಲ್ಲಿ ಕರಗಿದ ಉಪ್ಪನ್ನು ಕಂಡಕ್ಟಿವಿಟಿ (ವಿದ್ಯುದ್ವಾಹಕತೆ) ಮೀಟರಿನಲ್ಲಿ ಅಳೆಯುತ್ತಾರೆ; ಅಂಕಿ ಏರುವುದು ನಿಲ್ಲಲು ವಾರಗಳೇ ಹಿಡಿಯಬಹುದು. ಎಲ್ಲ ಪಾತ್ರೆಗಳೂ ಈ ಸ್ನಾನ ತಾಳುವುದಿಲ್ಲ. ಹಳೆಯ ಪ್ಲಾಸ್ಟರ್ ತೇಪೆ ಇದ್ದರೆ ಅದು ನೀರಲ್ಲಿ ಮೆತ್ತಗಾಗುತ್ತದೆ.

ಕಪಾಟು ಗಾಜು, ಪೌಡರ್ ಕೋಟಿಂಗ್ ಲೋಹದ್ದಾಗಿರಲಿ. ಎಂಡಿಎಫ್, ಓಕ್ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಪಾತ್ರೆಯ ಸುಣ್ಣ, ಕ್ಲೋರೈಡ್ ಜೊತೆ ಸೇರಿ ಹೊಸ ಉಪ್ಪನ್ನೇ ಬೆಳೆಸುತ್ತದೆ. ತೇವ ಶೇ. 40ರಿಂದ 50ರೊಳಗೆ ಏರಿಳಿತವಿಲ್ಲದೆ ನಿಲ್ಲಬೇಕು. ದೀಪ ಹೊರಗಿರಲಿ. ಎತ್ತುವಾಗ ಹಿಡಿ ಮುಟ್ಟದೆ ತಳಕ್ಕೆ ಕೈಕೊಡಿ.

ಕೊಳ್ಳುವ ಮುಂಚಿನ ಮಾತೂ ಇದೆ. 1990ರ ಆಗಸ್ಟ್ 6ರ ನಂತರ ಇರಾಕಿನಿಂದ ಅಕ್ರಮವಾಗಿ ಹೊರಬಂದ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರ 1483ನೇ ನಿರ್ಣಯದಲ್ಲಿ ನಿಷೇಧಿಸಿದೆ. ಸಕಾರಣ ಅನುಮಾನವಿದ್ದರೂ ಸಾಕು. ‘ಹಳೆಯ ಯುರೋಪಿಯನ್ ಸಂಗ್ರಹ’ ಎಂಬ ಒಂದು ಸಾಲು ದಾಖಲೆಯಲ್ಲ. ತಾರೀಖಿರುವ ರಸೀದಿ, ಫೋಟೊ, ರಫ್ತು ಪತ್ರ ಕೇಳಿ. ಮಣ್ಣನ್ನು ಸುಟ್ಟ ಕಾಲ ತಿಳಿಸುವ ಥರ್ಮೋಲ್ಯೂಮಿನಸೆನ್ಸ್ ಪರೀಕ್ಷೆಯ ಮಾದರಿಯನ್ನು ತಳದಿಂದಲೂ ಕತ್ತಿನಿಂದಲೂ ತೆಗೆಸಿ: ಹಳೆಯ ತಳಕ್ಕೆ ಹೊಸ ಕತ್ತು ಕೂಡಿಸಿ ಮಾರುವವರಿದ್ದಾರೆ.